ಅಪ್ಪ ಈಗ ಕೇಳುತ್ತಿರುವ ಹಾಡು

ರಾಯದುರ್ಗದ ನಮ್ಮ ಮನೆಯಲ್ಲಿ ಅಪ್ಪ ಹೊಲಿಗೆ ಮಷಿನ್ನಿನ ಮುಂದೆ ಕೂರುವ ಮೊದಲು ಟೀವಿ ಹಾಕುತ್ತಿದ್ದರು. ಬೆಳಿಗ್ಗೆ ಉಚಿತ ಚಾನೆಲ್ಲೊಂದರಲ್ಲಿ ಹಳೆಯ ಕನ್ನಡ ಹಾಡುಗಳು ಬರುತ್ತಿದ್ದವು. ನಿಧಾನದ ಹಾಡು ಬಂದರೆ ಅಪ್ಪನ ಹೊಲಿಗೆಯೂ ನಿಧಾನ.

ಮದುವೆಯಾಗಿ ಗುಡಿಬಂಡೆ ಹತ್ತಿರದ ಹಳ್ಳಿಗೆ ಬಂದೆ. ಅತ್ತೆಯ ತೆಲುಗು ಧಾರಾವಾಹಿಗಳಿಗೆಂದು ಹಾಕಿಸಿದ್ದ ಇಲ್ಲಿಯ ಡಿಶ್ಶು ಬೇರೆ ಉಪಗ್ರಹದ ಕಡೆ ಮುಖ ಮಾಡಿತ್ತು; ಅಪ್ಪನ ಚಾನೆಲ್ಲು ಬರುತ್ತಿರಲಿಲ್ಲ. ಹಾಡುಗಳೇನೋ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ನನಗೆ ಬೇಕಾಗಿದ್ದು ಅಪ್ಪ ಈಗ, ಈ ಗಳಿಗೆಯಲ್ಲಿ ಕೇಳುತ್ತಿರುವ ಹಾಡು.

ಇದನ್ನು ಗಂಡನಿಗೆ ಹೇಳಲು ನಾಚಿಕೆಯಾಗಿ ಬಹಳ ದಿನ ಸುಮ್ಮನಿದ್ದೆ. ಹೇಳಿದಾಗ ಅವರು ನಗಲಿಲ್ಲ.

"ಆ ಉಪಗ್ರಹ ಇದರ ಪಕ್ಕದಾಗೇ ಐತೆ. ಇದೇ ಡಿಶ್ಶಿಗೆ ಇನ್ನೊಂದು ಎಲ್‌ಎನ್‌ಬಿ ಕಟ್ಟಾನ," ಎಂದರು. ಇನ್ನೊಂದು ಡಿಶ್ಶು ನಿಲ್ಲಿಸಲು ಜಾಗವಿರಲಿಲ್ಲ. ಹುಣಸೆಮರ ಮತ್ತು ನೀರಿನ ಟ್ಯಾಂಕಿನ ನಡುವೆ ಆಕಾಶ ಕಾಣುವ ಮೂಲೆ ನಮ್ಮ ಮಾಳಿಗೆಯ ಮೇಲೆ ಅದೊಂದೇ.

"ನನ್ನ ಸೀರಿಯಲ್ ಕೆಡಿಸ್ಬ್ಯಾಡ ಕಣಪ್ಪ," ಎಂದರು ಅತ್ತೆ.

ಡಿಶ್ಶಿನ ತಟ್ಟೆಯ ಮುಂದೆ ನಿಂತು ಸಿಗ್ನಲ್ ಹಿಡಿಯುವ ಆ ಪುಟ್ಟ ಎಲ್‌ಎನ್‌ಬಿ ತಲೆಗಳೆರಡನ್ನು ಪಕ್ಕಪಕ್ಕ ಕಟ್ಟಲು ಹೋದರೆ ಒಂದಕ್ಕೊಂದು ತಾಗುತ್ತಿದ್ದವು. ಉಪಗ್ರಹಗಳು ಅಷ್ಟು ಹತ್ತಿರ, ನಮ್ಮ ಡಿಶ್ಶು ಅಷ್ಟು ಸಣ್ಣದು. ಅಪ್ಪನ ಉಪಗ್ರಹ ಪೂರ್ವಕ್ಕಿದೆಯೆಂದು ಗಂಡ ಹೊಸದನ್ನು ಪೂರ್ವಕ್ಕೆ ಸರಿಸಿ ಸರಿಸಿ ಸೋತರು. ಆಮೇಲೆ ಹೊಳೆಯಿತು: ಸಿಗ್ನಲ್ ತಟ್ಟೆಗೆ ಬಡಿದು ತಿರುಗುವುದರಿಂದ ಪೂರ್ವದ ಉಪಗ್ರಹ ಪಶ್ಚಿಮದ ಬದಿಯಲ್ಲಿ ಸಿಗುತ್ತದೆ. ಬದಿ ಬದಲಿಸಿ, ಎರಡರ ನಡುವೆ ತುಸು ಜಾಗ ಬಿಟ್ಟು ಕಟ್ಟಿ, ಡಿಶ್ಶನ್ನೇ ಒಂಚೂರು ತಿರುಗಿಸಿದರು. ಎರಡಕ್ಕೂ ಪೂರ್ತಿ ಸಿಗ್ನಲ್ ಇಲ್ಲ, ಆದರೆ ಎರಡೂ ಬಂದವು.

ನಾನು ಅಪ್ಪನಿಗೆ ಫೋನು ಹಚ್ಚಿದೆ. "ಈಗ ಯಾವ ಹಾಡು ಬರಾಕತ್ತೈತಿ ಅಪ್ಪಾ?"

"ತಡಿಯವ್ವ, ಎಣ್ಣಿ ಜಾಹೀರಾತು ಬರಾಕತ್ತೈತಿ."

ನನ್ನ ಮುಂದೆಯೂ ಅದೇ ತಲೆಗೂದಲೆಣ್ಣೆಯ ಜಾಹೀರಾತು. ಕಣ್ಣು ತುಂಬಿ ಬಂತು.

"ಇಲ್ಲೂ ಅದಾ ಬರಾಕತ್ತೈತಿ ಅಪ್ಪಾ," ಎಂದೆ.

ಆಮೇಲೆ ದಿನವೂ ಬೆಳಿಗ್ಗೆ ಅವರದೇ ಫೋನು. "ನೋಡಾಕತ್ತಿಯೇನವ್ವಾ?" "ಹ್ಞೂಂ." ಅಷ್ಟೇ ಮಾತು. ಇಬ್ಬರೂ ಫೋನು ಕಿವಿಗಿಟ್ಟುಕೊಂಡು ಒಂದು ಹಾಡು ಮುಗಿಸುತ್ತಿದ್ದೆವು.

ಎರಡು ವರ್ಷದಿಂದ ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ. ಕಿವಿಗೆ ಹಾಕುವ ಮಷಿನ್ನು ಗಿಂಯ್‌ಗುಡುತ್ತದೆಂದು ತೆಗೆದಿಟ್ಟರು. ಫೋನು ನಿಂತಿತು. ಹೋದ ಸಲ ಊರಿಗೆ ಹೋದಾಗ ಟೀವಿ ಮುಂದೆ ಅವರ ಪಕ್ಕ ಕೂತೆ. ಹಾಡುವವರ ತುಟಿ ನೋಡಿ ಹಾಡು ಗುರುತಿಸಿ ನನ್ನ ಕಡೆ ತಿರುಗಿದರು. "ನಿಮ್ಮಲ್ಲೂ ಇದಾ ಬರಾಕತ್ತಿರಬೇಕಲ್ಲ?" ಎಂದರು. ನಾನು ತಲೆಯಾಡಿಸಿದೆ.

ಇಲ್ಲಿ ಈಗ ಆ ಹಾಡುಗಳು ಮುಗಿಯುವವರೆಗೆ ಅತ್ತೆ ರಿಮೋಟು ಮುಟ್ಟುವುದಿಲ್ಲ. ಮೊನ್ನೆ ಬೆಳಿಗ್ಗೆ ದಟ್ಟ ಮೋಡ ಕವಿದು ಮಳೆ ಹಿಡಿದು ಚಿತ್ರ ಚೂರುಚೂರಾಗಿ ನಿಂತೇ ಹೋಯಿತು. ನಾನು ಎದ್ದೆ.

"ಕುಂತ್ಕಳಮ್ಮಿ. ಮಳೆ ಬಿಟ್ಟರೆ ಬತ್ತೈತೆ," ಎಂದರು ಅತ್ತೆ.

ಮತ್ತೆ ಕೂತೆ. ರಾಯದುರ್ಗದಲ್ಲಿ ಬಿಸಿಲಿರಬಹುದು. ಅಲ್ಲಿ ಈಗ ಯಾವ ಹಾಡು ಬರುತ್ತಿದೆಯೋ, ಅಪ್ಪ ಯಾರ ತುಟಿ ನೋಡುತ್ತಿದ್ದಾರೋ.