ಮರ್ಯಾದಸ್ಥ ಲೆಯಾಕ್

ನಮ್ಮೂರ ಸ್ಮಶಾನದ ಪಕ್ಕದ ದುರ್ಗೆಯ ಗುಡಿಗೆ ಈಗ ಪೂಜಾರಿಯಾಗಿರುವವನು ನನ್ನ ದೊಡ್ಡಪ್ಪನ ಮಗ ನ್ಯೊಮನ್ ಜೆಲಾದ. ಬಿಳಿ ಪಂಚೆ ಉಟ್ಟು, ತಲೆಗೆ ಬಿಳಿ ಬಟ್ಟೆ ಸುತ್ತಿ, ಗಂಟೆ ಹಿಡಿದು ಕೂತನೆಂದರೆ ತೊಟ್ಟಿಲಲ್ಲೂ ಹೀಗೇ ಕೂತಿದ್ದನೇನೋ ಅನ್ನಿಸುತ್ತದೆ. ಊರೆಲ್ಲ ಅವನನ್ನು ಜೆರೊ ಮಂಗ್ಕು, ಅಂದರೆ ಪೂಜಾರಪ್ಪನವರು, ಎಂದು ಕರೆಯುತ್ತದೆ. ನಾನೂ ಹಾಗೇ ಕರೆಯಬೇಕು, ಬಹುವಚನದಲ್ಲೇ ಮಾತಾಡಿಸಬೇಕು. ಚಿಕ್ಕಂದಿನಲ್ಲಿ ಒಂದೇ ಮರದ ಹಣ್ಣು ಕದ್ದು ಒಂದೇ ಕೋಲಿನಲ್ಲಿ ಏಟು ತಿಂದವರು ನಾವು. ಆದ್ದರಿಂದ ಮನಸ್ಸಿನೊಳಗೆ ಮಾತ್ರ ಏಕವಚನ ಉಳಿಸಿಕೊಂಡಿದ್ದೇನೆ. ಅದಕ್ಕೆ ಊರ ಸಭೆ ಇನ್ನೂ ದಂಡ ಹಾಕಿಲ್ಲ.

ಪೂಜಾರಿಯಾಗುವ ಮೊದಲು ಅವನು ಮಕ್ಕಳನ್ನು ಹೆದರಿಸುವ ಕಥೆ ಬರೆಯುತ್ತಿದ್ದ. ಹೈಸ್ಕೂಲಿನ ಹುಡುಗ ಹುಡುಗಿಯರು ಪಾಠದ ಪುಸ್ತಕದ ಮರೆಯಲ್ಲಿಟ್ಟು ಓದುವ ಅಂಗೈ ಅಗಲದ ಪುಸ್ತಕಗಳು. ನಮ್ಮ ದ್ವೀಪದ ದೊಡ್ಡ ಪಟ್ಟಣವಾದ ಡೆನ್ಪಸಾರಿನ ಪ್ರಕಾಶಕನೊಬ್ಬ ಅಚ್ಚು ಹಾಕುತ್ತಿದ್ದ, ಶಾಲೆಯ ಗೇಟಿನ ಹತ್ತಿರ ಕಡ್ಡಿಗೆ ಮೀನು ಚುಚ್ಚಿ ಸಾತೆ ಸುಡುವವರ ಪಕ್ಕದಲ್ಲಿ ಅವು ಮಾರಾಟವಾಗುತ್ತಿದ್ದವು. ಎಲ್ಲದರಲ್ಲೂ ಲೆಯಾಕ್. ಹಗಲು ನಮ್ಮ ನಿಮ್ಮ ಹಾಗೆ ಸಂತೆಯಲ್ಲಿ ಬೆಂಡೆಕಾಯಿ ಮುರಿದು ನೋಡುವ ಹೆಂಗಸು, ಕತ್ತಲಾದ ಮೇಲೆ ತಲೆ ಕಿತ್ತುಕೊಂಡು, ಕರುಳು ಜೋತಾಡಿಸುತ್ತ ಹಾರುತ್ತಾಳೆ. ಇಲ್ಲವೇ ಕುಂಟ ಮಂಗವಾಗುತ್ತಾಳೆ. ಇಲ್ಲವೇ ಸವಾರನಿಲ್ಲದೆ ತಾನೇ ಓಡುವ ಮೋಟರ್ ಸೈಕಲ್ಲಾಗುತ್ತಾಳೆ. ಆ ಮೋಟರ್ ಸೈಕಲ್ಲಿನ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಮುಖಪುಟದ ಚಿತ್ರಗಳು ನನ್ನವು. ನಾನು ಬರೆದ ರಾಕ್ಷಸಿ ಹಲ್ಲುನೋವು ಬಂದ ಮೇಕೆಯ ಹಾಗಿದ್ದಾಳೆ ಎಂದು ಪ್ರಕಾಶಕ ಅನ್ನುತ್ತಿದ್ದ. ಆದರೂ ನನ್ನನ್ನು ಬಿಡಲಿಲ್ಲ, ಬೇರೆಯವರು ಇನ್ನೂ ಹೆಚ್ಚು ದುಡ್ಡು ಕೇಳುತ್ತಿದ್ದರು.

ಇಷ್ಟೆಲ್ಲ ಬರೆದ ಜೆಲಾದ ಮಹಾ ಪುಕ್ಕಲ. ಬರೆಯುವುದು ಬೆಳಗಿನ ಬಿಸಿಲಿನಲ್ಲೇ, ಅದೂ ಹೆಂಡತಿ ಲುಹ್ ಸೊಕಾ ಎದುರಿಗೆ ಕೂತು ಪೂಜೆಗೆ ತೆಂಗಿನ ಎಳೆಗರಿ ಹೆಣೆಯುತ್ತಿದ್ದರೆ ಮಾತ್ರ. ಅವಳು ಒಲೆ ನೋಡಲು ಎದ್ದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಒಮ್ಮೆ ಅವಳು ತವರಿಗೆ ಹೋದಾಗ ಅವನ ಕಥಾನಾಯಕಿ ಬಾಳೆತೋಟದಲ್ಲಿ ಎತ್ತಿದ ಕಾಲನ್ನು ವಾರವಿಡೀ ಇಳಿಸಲಿಲ್ಲ. ಹೊಸ ಕಥೆಗೆ ಮೊದಲು ನೆಲದ ಮೇಲೆ ಎಲೆಯಲ್ಲಿ ಬಣ್ಣದ ಅನ್ನ, ಈರುಳ್ಳಿ, ಶುಂಠಿ ಇಟ್ಟು, ಲೆಯಾಕುಗಳ ಒಡತಿಯಾದ ದುರ್ಗೆಗೆ ಕೈ ಮುಗಿದು, ಇದು ಹೊಟ್ಟೆಪಾಡು ತಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬೇಡಿಕೊಳ್ಳುತ್ತಿದ್ದ.

ತಾಯಿ ಹಚ್ಚಿಕೊಂಡಿದ್ದಳು ಎಂದು ಕಾಣುತ್ತದೆ. ಗುಡಿಯ ಹಳೆಯ ಪೂಜಾರಿ ತೀರಿಕೊಂಡರು. ನಮ್ಮಲ್ಲಿ ಮುಂದಿನವರನ್ನು ಆರಿಸುವವಳು ದೇವಿಯೇ. ಊರವರೆಲ್ಲ ಅಂಗಳದಲ್ಲಿ ಕೂತೆವು. ದೇವಿ ಮೈದುಂಬುವ ಮುದುಕಿ ದಾದೊಂಗ್ ರಿಬೆಕ್ ಧೂಪದ ಹೊಗೆಯಲ್ಲಿ ತೂಗಾಡಿ ತೂಗಾಡಿ, ಕೊನೆಗೆ ತನ್ನದಲ್ಲದ ದನಿಯಲ್ಲಿ ಕೇಳಿದಳು:

"ನನ್ನ ಮಕ್ಕಳ ಕಥೆ ಊರೂರಿಗೆ ಹೇಳ್ಕೊಂಡು ತಿರುಗ್ತಾನಲ್ಲ, ಅವನೆಲ್ಲಿ?"

ಎಲ್ಲರ ಕತ್ತೂ ಜೆಲಾದನ ಕಡೆ ತಿರುಗಿತು. ಅವನು ನನ್ನ ಬೆನ್ನ ಹಿಂದೆ ಸರಿದ. ನನಗೂ ಹೆಂಡತಿ ಮಕ್ಕಳಿದ್ದಾರೆ, ನಾನು ಪಕ್ಕಕ್ಕೆ ಸರಿದೆ. ಅವನು ಹೋಗಿ ಮುದುಕಿಯ ಕಾಲಿಗೆ ಬಿದ್ದು, ಇನ್ನು ಬರೆಯುವುದಿಲ್ಲ, ಒಂದಕ್ಷರ ಬರೆಯುವುದಿಲ್ಲ ಎಂದು ಗೋಳಿಟ್ಟ. ಮುದುಕಿ ಅವನ ತಲೆಗೆ ತೀರ್ಥ ಎರಚಿ, ನಾಳೆಯಿಂದ ನನ್ನ ಅಂಗಳ ಗುಡಿಸು ಎಂದಳು. ಶಿಕ್ಷೆಯಲ್ಲ, ನೇಮಕ. ಬೇಡ ಎನ್ನುವಂತಿಲ್ಲ, ಹಾಗೆಂದವರು ಹಾಸಿಗೆ ಹಿಡಿದದ್ದನ್ನು ನಾವು ಕಂಡಿದ್ದೇವೆ.

ದಾದೊಂಗ್ ರಿಬೆಕ್‌ಗೆ ಓದು ಬಾರದು, ಅವಳ ಮೊಮ್ಮಗಳು ಕೊಮಾಂಗ್ ರೆನಿಕ್ ಜೆಲಾದನ ಒಂದೊಂದು ಪುಸ್ತಕವನ್ನೂ ಅಜ್ಜಿಗೆ ಓದಿ ಹೇಳುತ್ತಿದ್ದಳು ಎಂದು ಕೆಲವರು ಆಮೇಲೆ ಪಿಸುಗುಟ್ಟಿದರು. ಇರಬಹುದು. ದೇವಿ ಯಾರ ಬಾಯಲ್ಲಿ ಮಾತಾಡುತ್ತಾಳೋ ಅವರ ಕಿವಿಯಲ್ಲೇ ಕೇಳಿಸಿಕೊಂಡಿರಬಹುದು.

ಹೀಗೆ ಸ್ಮಶಾನದ ದಾರಿ ತಪ್ಪಿಸಲು ಗದ್ದೆ ಸುತ್ತಿ ಹೋಗುತ್ತಿದ್ದವನು ಸ್ಮಶಾನದ ಪಕ್ಕದಲ್ಲೇ ಪೊರಕೆ ಹಿಡಿದ. ಮೊದಮೊದಲು ಲುಹ್ ಸೊಕಾ ಜೊತೆಗೆ ಹೋಗುತ್ತಿದ್ದಳು. ಆಮೇಲೆ ಅವಳು ದೂರದಿಂದ ಕೆಮ್ಮಿದರೂ ಸಾಕಾಯಿತು. ದೇವಿಯ ಕಾಲಿಗೆ ಬಿದ್ದು ಕೊಟ್ಟ ಮಾತು ಕೆಲವೇ ವಾರ ಉಳಿಯಿತು. ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತ.

"ಕೈ ತುರಿಸುತ್ತೆ ಕಣೋ. ಬರೀಬೇಡ ಅಂದ್ರೆ ನಾನು ಬರೀ ಗಂಟೆ ಅಲ್ಲಾಡಿಸೋನು ಆಗ್ಹೋಗ್ತೀನಿ."

"ತಾಯಿ ಬರೀಬೇಡ ಅಂದಿಲ್ವಲ್ಲ, ನೀವೇ ಅಂದಿದ್ದು," ಎಂದೆ.

ಇದು ಅವನಿಗೆ ಹೊಳೆದಿರಲಿಲ್ಲ. ಆದರೆ ಊರ ಹಿರಿಯ ಕೆತುತ್ ಮುದರನಿಗೆ, ಅಂದರೆ ನಮ್ಮ ಜೆರೊ ಬೆಂಡೇಸನಿಗೆ, ಹೊಳೆಯಬೇಕಿತ್ತು. ಮರದ ಗಂಟೆ ಬಡಿದು ಸಭೆ ಸೇರಿಸಿದ. ಬೆಳಿಗ್ಗೆ ತಾಯಿಗೆ ಹೂವು ಏರಿಸುವ ಕೈ ಬಿಸಿಲೇರಿದ ಮೇಲೆ ಕರುಳಿನ ಕಥೆ ಬರೆಯುವುದು ಯಾವ ನ್ಯಾಯ ಎಂದು ಕೇಳಿದ. ಆ ಕೈಗಾಗಿಯೇ ತಾಯಿ ಕರೆದಳಲ್ಲ ಎಂದರು ಇನ್ನು ಕೆಲವರು. ದಾದೊಂಗ್ ರಿಬೆಕ್ ಬಾಯಲ್ಲೇ ಇನ್ನೊಮ್ಮೆ ಕೇಳಿಬಿಡೋಣ ಎಂದ ಒಬ್ಬ. ಅದಕ್ಕೆ ಯಾರಿಗೂ ಧೈರ್ಯ ಬರಲಿಲ್ಲ. ಈ ಸಲ ಯಾರ ಹೆಸರು ಹಿಡಿಯುತ್ತಾಳೋ. ಕೊನೆಗೆ ಒಂದು ದಾರಿ ಸಿಕ್ಕಿತು: ಜೆರೊ ಮಂಗ್ಕು ಒಂದು ಕಥೆ ಬರೆದು ಮೊದಲು ತಾಯಿಯ ಎದುರು ಓದಲಿ, ಅವಳಿಗೆ ಸಿಟ್ಟು ಬಂದರೆ ನಮಗೆ ಗೊತ್ತಾಗಿಯೇ ಆಗುತ್ತದೆ, ಅದೇ ಅವನ ಕೊನೆಯ ಕಥೆ. ಎಲ್ಲರಿಗೂ ಸಮಾಧಾನವಾಗಿ ಊಟಕ್ಕೆ ಎದ್ದರು.

ಭಾಷೆಯ ವಿಷಯ ಒಬ್ಬರಿಗೂ ನೆನಪಾಗಲಿಲ್ಲ. ದೇವರ ಎದುರು ಸಂತೆಯ ಮಾತಾಡುವಂತಿಲ್ಲ. ಅರಸರಿಗೂ ದೇವರಿಗೂ ಮೀಸಲಾದ ಉನ್ನತ ಭಾಷೆಯೇ ಆಗಬೇಕು. ಆ ಭಾಷೆಯಲ್ಲಿ ಯಾರೂ ತಿನ್ನುವುದಿಲ್ಲ, ಆರೋಗಿಸುತ್ತಾರೆ. ಯಾರೂ ನುಗ್ಗುವುದಿಲ್ಲ, ದಯಮಾಡಿಸುತ್ತಾರೆ. ಜೆಲಾದನ ಲೆಯಾಕುಗಳೋ ಬಗೆಯುವವು, ಸೀಳುವವು, ಚಪ್ಪರಿಸುವವು. ಅವನು ಹೊಸ ಕಥೆಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಕ್ರಿಯಾಪದಕ್ಕೆ ಸ್ನಾನ ಮಾಡಿಸಿ ಮಡಿ ಉಡಿಸಿದ. ಕೂಸು ಹುಟ್ಟಿದ ಮನೆಗೆ ಲೆಯಾಕ್ ಬರುವ ಕಥೆ ಅದು. ಮನೆಯಲ್ಲಿ ಕೂಸಿನ ಅಕ್ಕ, ಹದಿನಾಲ್ಕರ ಹುಡುಗಿ, ಒಬ್ಬಳೇ ಎಚ್ಚರ.

ಓದಿದ್ದು ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿರುವಾಗ. ಜೆರೊ ಬೆಂಡೇಸ ಮುಂದೆ ಕೂತಿದ್ದ, ಪಕ್ಕದಲ್ಲಿ ದಾದೊಂಗ್ ರಿಬೆಕ್. ಗುಡಿಸಲು ಬಂದಿದ್ದ ಹುಡುಗ ಹುಡುಗಿಯರು ಪೊರಕೆ ಹಿಡಿದೇ ಹಿಂದೆ ನಿಂತಿದ್ದರು. ಜೆರೊ ಮಂಗ್ಕು ಗಂಟಲು ಸರಿಮಾಡಿಕೊಂಡು ಶುರು ಮಾಡಿದ: ಅವರು ದಯಮಾಡಿಸಿದರು. ತಮ್ಮ ಶಿರವನ್ನು ದೇಹದಿಂದ ಬೇರ್ಪಡಿಸುವ ಕೃಪೆ ಮಾಡಿದರು. ಕರುಳುಗಳು ವಿನಯದಿಂದ ಹಿಂದೆ ಹಿಂದೆ ಪಾದ ಬೆಳೆಸಿದವು.

ಕೊಮಾಂಗ್ ರೆನಿಕ್ ಸೊಂಟದ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅಷ್ಟರಲ್ಲಿ ಬೇರೆ ಯಾರೋ ಪುಸಕ್ಕೆಂದರು, ಹಿಂದಿನ ಸಾಲೆಲ್ಲ ಕುಲುಕಾಡಿತು. ಬೆಂಡೇಸನ ಮೀಸೆಯೂ ಅಲ್ಲಾಡಿತು. ನಾನು ಕೆಮ್ಮಿದೆ, ಆದರೆ ನನ್ನ ಕೆಮ್ಮು ನನ್ನ ಚಿತ್ರಗಳ ಹಾಗೆ, ಯಾರೂ ನಂಬುವುದಿಲ್ಲ. ಜೆರೊ ಮಂಗ್ಕುವಿನ ಕಿವಿ ಕೆಂಪಾಯಿತು. ತಲೆ ಎತ್ತದೆ ಓದುತ್ತ ಹೋದ.

ಸಂತೆಯ ಭಾಷೆಯಲ್ಲಾಗಿದ್ದರೆ ಲೆಯಾಕ್ ಬಾಗಿಲು ಮುರಿಯುತ್ತಿತ್ತು. ಉನ್ನತ ಭಾಷೆಯಲ್ಲಿ ಬಾಗಿಲು ಮುರಿಯಲು ಮಾತೇ ಇಲ್ಲ, ಅಪ್ಪಣೆ ಕೇಳಬಹುದು ಅಷ್ಟೆ. ಹಾಗಾಗಿ ಲೆಯಾಕ್ ತಲೆಯನ್ನು ಮತ್ತೆ ಕತ್ತಿನ ಮೇಲಿಟ್ಟು, ಕೂದಲು ಸರಿಮಾಡಿಕೊಂಡು, ಒಂದು ಮೆಟ್ಟಿಲು ಕೆಳಗೇ ಕೂತಿತು. ಬಾಣಂತಿಯ ಆರೋಗ್ಯ ವಿಚಾರಿಸಿತು. ಹಾಲು ಚೆನ್ನಾಗಿ ಇಳಿದಿದೆಯೇ ಎಂದಿತು. ಅಂಗಳದಲ್ಲಿ ಒಣಹಾಕಿದ್ದ ಭತ್ತವನ್ನು ಹೊಗಳಿತು. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿತು: ಅಪ್ಪಣೆಯಾದರೆ ಮಗುವನ್ನು ಕರೆದುಕೊಂಡು ಹೊರಡಲೇ?

ಅಷ್ಟು ಮರ್ಯಾದೆಯಿಂದ ಕೇಳಿದ ಹಿರಿಯರಿಗೆ ನಮ್ಮಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಆಗಲಿ ಎನ್ನುವುದನ್ನು ಮಾತು ಕಲಿಯುವಾಗಲೇ ಬಾಯಿಪಾಠ ಮಾಡಿಸುತ್ತಾರೆ. ಕಥೆಯ ಹುಡುಗಿ ಬಾಯಿ ತೆರೆದಳು.

ನಗು ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ. ಹಿಂದೆ ಯಾರದೋ ಪೊರಕೆ ಕೆಳಗೆ ಬಿತ್ತು. ಆದರೆ ಜೆರೊ ಮಂಗ್ಕುವಿನ ಕಿವಿಯಲ್ಲಿ ಮೊದಲಿನ ನಗುವೇ ತುಂಬಿತ್ತು. ಇನ್ನು ತನ್ನಿಂದಾಗದೆಂದು ಅಲ್ಲಿಗೇ ನಿಲ್ಲಿಸಿ, ಎಲ್ಲರಿಗೂ ತೀರ್ಥ ಎರಚಿ, ಕಾಗದ ಸುತ್ತಿಕೊಂಡು ಹಿಂಬಾಗಿಲಿನಿಂದ ಹೊರಟುಹೋದ.

ಮರುದಿನ ಬೆಳಿಗ್ಗೆ ನಾನು ಅವನ ಮನೆಗೆ ಹೋದಾಗ ಲುಹ್ ಸೊಕಾ ಗರಿ ಹೆಣೆಯುತ್ತಿದ್ದಳು, ಅವನು ಸುಮ್ಮನೆ ಕೂತಿದ್ದ.

"ನಕ್ಕುಬಿಟ್ರಲ್ಲೋ. ಇನ್ನು ನನ್ನ ಲೆಯಾಕಿಗೆ ಹೆದರೋರು ಯಾರು? ಬೆಂಡೇಸ ನಿಲ್ಲಿಸು ಅನ್ನೋಕೆ ಮುಂಚೆ ನಾನೇ ನಿಲ್ಲಿಸ್ತೀನಿ."

ಅಷ್ಟರಲ್ಲಿ ಕೊಮಾಂಗ್ ರೆನಿಕ್ ಶಾಲೆಯ ಚೀಲ ಹೊತ್ತು ಬಂದಳು. ಕಣ್ಣು ಊದಿತ್ತು.

"ಜೆರೊ ಮಂಗ್ಕು, ಅವಳು ಆಗಲಿ ಅಂದ್ಬಿಟ್ಲಾ? ಅಜ್ಜಿ ಕೇಳ್ಕೊಂಡು ಬಾ ಅಂದ್ರು. ರಾತ್ರಿ ಬಚ್ಚಲಿಗೆ ಹೋಗೋಕೂ ನನ್ನ ಕೈ ಹಿಡ್ಕೊಂಡಿದ್ರು."

"ಅಜ್ಜಿಗೆ ಭಯವಾಯ್ತಾ?" ಎಂದು ಜೆರೊ ಮಂಗ್ಕು ಕೇಳಿದ.

"ನಾನೂ ಅವರ ಕೈ ಹಿಡ್ಕೊಂಡಿದ್ದೆ."

ಊರ ಸುದ್ದಿಯನ್ನೂ ಅವಳೇ ಹೇಳಿದಳು. ತರಕಾರಿಯವಳು ಬೆಳಿಗ್ಗೆ ಒಳಗೆ ಬರಬಹುದೇ ಅಮ್ಮ ಎಂದು ಎಂದಿನ ಹಾಗೆ ಕೇಳಿದ್ದಕ್ಕೆ ಮನೆ ಮನೆಯಲ್ಲೂ ಬಾಗಿಲು ಹಾಕಿಕೊಂಡರಂತೆ. ಪಾಪ, ಸೊಪ್ಪೆಲ್ಲ ಬಾಡಿಹೋಯಿತಂತೆ. ಜೆರೊ ಮಂಗ್ಕು ಕೇಳುತ್ತ ಕೇಳುತ್ತ ನೆಟ್ಟಗೆ ಕೂತ.

ಅವಳು ಹೋಗುತ್ತಲೇ ಬಂದವನು ಜೆರೊ ಬೆಂಡೇಸ. ಅವನ ಸೊಸೆ ಬಾಣಂತಿ. ಪಕ್ಕದೂರಿನ ಅವನ ಸ್ವಂತ ಅಕ್ಕ ಅಂದು ಬೆಳಿಗ್ಗೆ ಕೂಸು ನೋಡಲು ಬಂದು, ಮೆಟ್ಟಿಲಲ್ಲಿ ಕೂತು, ಬಾಣಂತಿ ಹೇಗಿದ್ದಾಳೆ, ಹಾಲು ಇದೆಯಾ ಎಂದಿದ್ದಾಳೆ. ಕೂಸನ್ನು ಒಂದು ಗಳಿಗೆ ಎತ್ತಿಕೊಳ್ಳಲಾ ಎಂದಾಗ ಊರಿಗೇ ಹಿರಿಯನಾದ ಇವನು ಇವತ್ತು ಬೇಡ ಅಕ್ಕ ಎಂದುಬಿಟ್ಟಿದ್ದಾನೆ. ಅವಳು ತಂದ ಬಾಳೆಗೊನೆಯನ್ನು ವಾಪಸು ಹೊತ್ತುಕೊಂಡು ಹೋಗಿದ್ದಾಳೆ. ಇದನ್ನು ಅವನು ಹೇಳಿದ ರೀತಿಗೆ, ಮುಗಿಯಿತು, ನನ್ನ ಮುಖಪುಟದ ಸಂಪಾದನೆಯೂ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಬೆಂಡೇಸ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಆ ಹುಡುಗಿ ಏನಂದ್ಲು?"

"ಬರೆದಿದ್ದು ಸಾಲದು, ಅದನ್ನ ಬದಲಾಯಿಸಿ ಬರೀಬೇಕು, ಜೆರೊ."

"ಹಾಗಾದ್ರೆ ಬರೀರಿ. ಅರ್ಧ ಕಥೆ ಕೇಳಿ ತೀರ್ಪು ಕೊಡೋಕಾಗುತ್ತಾ? ಪೂರ್ತಿ ಮುಗೀಲಿ, ಆಮೇಲೆ ಬೇಕೋ ಬೇಡ್ವೋ ಅಂತ ಸಭೇಲಿ ನೋಡೋಣ."

ಅವನು ಹೋದ ಮೇಲೂ ಲುಹ್ ಸೊಕಾ ತಲೆ ಎತ್ತಲಿಲ್ಲ, ಗರಿಯ ತುದಿ ಮಡಚುತ್ತ ಗಂಡನಿಗೆ ಒಂದೇ ಮಾತು ಹೇಳಿದಳು.

"ಅವಸರ ಮಾಡ್ಬೇಡಿ."

ಅವನು ಮಾಡಿಲ್ಲ. ಕೊಮಾಂಗ್ ರೆನಿಕ್ ಶಾಲೆ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ಪುಸ್ತಕ ಮಾತ್ರ ಒಂದರ ಹಿಂದೊಂದು ಬರುತ್ತಲೇ ಇದೆ. ಎಲ್ಲವೂ ಆ ಒಂದೇ ಕಥೆಯ ಭಾಗಗಳು. ಪ್ರತಿ ಭಾಗವನ್ನೂ ಮೊದಲು ದೇವಿಯ ಎದುರು ಓದುತ್ತಾನೆ. ಈಗ ಯಾರೂ ನಗುವುದಿಲ್ಲ, ಓದು ಮುಗಿದ ಮೇಲೆ ಎಲ್ಲರೂ ಗುಂಪಾಗಿಯೇ ಮನೆಗೆ ಹೋಗುತ್ತಾರೆ. ಸಭೆ ಸೇರಿದಾಗಲೆಲ್ಲ ಈ ವಿಷಯ ಬರುತ್ತದೆ, ಕಥೆ ಮುಗಿದಿಲ್ಲವೆಂದು ಮುಂದಕ್ಕೆ ಹೋಗುತ್ತದೆ. ಕಥೆಯ ಹುಡುಗಿ ಬಾಯಿ ತೆರೆದವಳು ಆಗಲಿ ಎನ್ನಲಿಲ್ಲ. ಮೊದಲು ಕಾಫಿ ತೆಗೆದುಕೊಳ್ಳಬೇಕು ಎಂದಳು. ಲೋಟ ತಂದು ಲೆಯಾಕಿನ ಎದುರಿಗಿಟ್ಟಿದ್ದಾಳೆ. ನಮ್ಮಲ್ಲಿ ಮನೆಯವರು ಕುಡಿಯಿರಿ ಎನ್ನುವವರೆಗೆ ಬಂದವರು ಲೋಟ ಮುಟ್ಟುವಂತಿಲ್ಲ. ಅವಳು ಇನ್ನೂ ಅಂದಿಲ್ಲ.