ಎರಡು ಸಲ ಬಂದ ಟ್ರಿಪ್

ಕ್ಯಾಬ್ ಗುತ್ತಿಗೆದಾರ ಹೈದರಾಬಾದಿನ ಮಾದಾಪುರದಲ್ಲಿ ಎಲ್ಲ ಡ್ರೈವರುಗಳ ಎದುರು ನನ್ನನ್ನು ಸುಳ್ಳುಗಾರ ಅಂದದ್ದು ಇವತ್ತಿಗೂ ಉರಿಯುತ್ತದೆ. ನಮಗೆ ಟ್ರಿಪ್ ಹಂಚುವ ಆ್ಯಪ್ ಒಂದೇ ಟ್ರಿಪ್ಪನ್ನು ನನಗೆ ಎರಡು ಸಲ ಕಳಿಸುತ್ತಿತ್ತು. ಒಂದನ್ನು ಓಡಿಸಿದರೆ ಇನ್ನೊಂದು ‘ಡ್ರೈವರ್ ಬರಲಿಲ್ಲ’ ಎಂದು ನನ್ನ ಹೆಸರಿಗೆ ಬೀಳುತ್ತಿತ್ತು. ಆ್ಯಪ್‌ನದೇ ತಪ್ಪೆಂದರೆ ಅವನು ನಂಬಲಿಲ್ಲ. ಅಂಥವು ಒಂಬತ್ತಾಗಿದ್ದವು. ಹತ್ತಾದರೆ ಕೆಲಸ ಹೋಯಿತು.

ಮರುದಿನ ಬೆಳಿಗ್ಗೆ ನನ್ನ ಗಾಡಿಯಲ್ಲಿ ವಿಜಯಪುರದ ಸ್ನೇಹಲತಾ ಇದ್ದರು. ಆ್ಯಪ್ ಕಟ್ಟುವವರು ಬಳಸುವ ಸಿದ್ಧ ಕೋಡಿನ ಕಿಟ್ಟುಗಳು ಕೈಕೊಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಒಂದೇ ಕಿಟ್ಟು ಐದು ಕಂಪ್ಯೂಟರ್ ಭಾಷೆಗಳಲ್ಲಿ ಇರುತ್ತದಂತೆ. ನನ್ನ ಗೋಳು ಕೇಳಿ, “ಆ ಆ್ಯಪ್‌ನಾಗ ನಮ್ಮ ಕಿಟ್ಟ ಐತ್ರಿ” ಅಂದರು.

ಅಮೀರ್‌ಪೇಟ್ ರಸ್ತೆಯಲ್ಲೇ ಬ್ರೇಕ್ ಒತ್ತಿದೆ. “ಎಸಿಯಾಗ ಕುಂತು ನಮ್ಮ ಹೊಟ್ಟಿ ಮ್ಯಾಲ ಹೊಡೀತೀರೇನ್ರಿ? ನಾಚಿಕಿ ಇಲ್ಲ?”

“ಬೈರಿ ಅಣ್ಣಾರ, ಆದ್ರ ಮೊದಲ ಗಾಡಿ ಬಾಜೂಕ ಹಚ್ರಿ. ಹಿಂದಿನವ್ರು ನಿಮಗಿಂತ ಜೋರ ಬೈಯಾಕತ್ತಾರ.”

ಬದಿಗೆ ಹಚ್ಚುವಷ್ಟರಲ್ಲಿ, ಆಗ ಓಡಿಸುತ್ತಿದ್ದ ಅವರ ಟ್ರಿಪ್ಪೇ ಫೋನಿನಲ್ಲಿ ಮತ್ತೆ ಬಂತು. ಹತ್ತನೆಯದು. ಫೋನನ್ನು ಅವರ ಮುಂದೆ ಹಿಡಿದೆ. ಅವರು ಲ್ಯಾಪ್‌ಟಾಪ್ ತೆರೆದು ಹುಡುಕಿದರು.

“ಸರ್ವರ್ ಉತ್ತರ ತಡ ಆದ್ರ ಕಿಟ್ಟ ಅದ ಟ್ರಿಪ್ ಇನ್ನೊಮ್ಮೆ ಕೇಳತೈತಿ. ಟ್ರಿಪ್ಪಿನ ಹಳೇ ನಂಬರ ಹಚ್ಚೇ ಕೇಳಬೇಕು. ನಾಕು ಭಾಷಾದಾಗ ಹಂಗ ಐತಿ. ಈ ಒಂದರಾಗ ಹೊಸಾ ನಂಬರ ಹಚ್ಚೇತಿ, ಅದಕ್ಕ ಎರಡು ಟ್ರಿಪ್. ತಪಾಸ ಮಾಡಿದಾಕಿ ನಾನ. ತಪ್ಪು ನಂದ್ರಿ.”

ಅಲ್ಲಿಂದಲೇ ಗುತ್ತಿಗೆದಾರನಿಗೆ ಫೋನು ಹಚ್ಚಿ, ನಾನು ಕೇಳುವಂತೆ ಅದನ್ನೇ ಹಿಂದಿಯಲ್ಲಿ ಹೇಳಿದರು. ಅವನು ಹತ್ತನ್ನೂ ಅಳಿಸಿದ. ಅವರಿಗೆ ಮಾತ್ರ ಆಫೀಸಿನಲ್ಲಿ ಚೆನ್ನಾಗಿ ಬೈಗುಳ ಬಿತ್ತೆಂದು ಆಮೇಲೆ ಕೇಳಿದೆ.

ಅವತ್ತು ಅವರ ಆಫೀಸಿನ ಗೇಟಿನಲ್ಲಿ ಇಳಿಸುವಾಗ, ಬೈದದ್ದಕ್ಕೆ ‘ತಪ್ಪಾಯ್ತು ತಂಗಿ’ ಅನ್ನಬೇಕಿತ್ತು. ಗಾಡಿ ತಿರುಗಿಸಿಕೊಂಡು ಹೊರಟುಬಿಟ್ಟೆ. ಮುಂದಿನ ವಾರ ನನಗೆ ಊರಾಚೆಯ ಪಟಾನ್‌ಚೆರು ರೂಟು ಕೊಟ್ಟರು; ಅವರು ಮತ್ತೆ ಸಿಗಲಿಲ್ಲ. ಆ ಒಂದು ಮಾತಿನ ಸಾಲ ಅವರಿಗೆ ಇನ್ನೂ ಬಾಕಿ ಇದೆ.