ಲಟ್ಟಣಿಗೆ ಏಟಿಗೆ ಹೊರಡುತ್ತಿದ್ದ ಕಾರು

ನಮ್ಮಪ್ಪನಿಗೆ ಎರಡು ವಿಷಯಗಳಲ್ಲಿ ಅಪಾರ ನಂಬಿಕೆ. ಒಂದು, ತಮ್ಮ ಕಾರು ಇನ್ನೂ ಹೊಸದು ಎನ್ನುವುದು. ಇನ್ನೊಂದು, ಬಸವೇಶ್ವರನಗರದ ನಮ್ಮ ಬೀದಿಯವರೆಲ್ಲ ಕತ್ತಲಾದ ಮೇಲೆ ಪೈಪು ಹಿಡಿದು ಆ ಕಾರಿನ ಪೆಟ್ರೋಲ್ ಹೀರಲು ಕಾದಿರುತ್ತಾರೆ ಎನ್ನುವುದು. ಕಾರು ಬೀದಿಯಲ್ಲೇ ನಿಲ್ಲುತ್ತದೆ. ಅದಕ್ಕೆಂದು ಕಟ್ಟಿಸಿದ್ದ ಜಾಗಕ್ಕೆ ಗೋಡೆ ಎಬ್ಬಿಸಿ, ರೂಮು ಮಾಡಿ, ಬಾಡಿಗೆಗೆ ಕೊಟ್ಟಾಗಿದೆ. ಹೀಗಾಗಿ ಕಳ್ಳರಿಗೆ ಪಾಠ ಕಲಿಸಲು ಅಪ್ಪ ಟ್ಯಾಂಕನ್ನು ಯಾವಾಗಲೂ ಖಾಲಿ ಇಡುತ್ತಾರೆ. ಬಂಕಿಗೆ ಹೋದರೆ ಒಂದು ಚೊಂಬಿನಷ್ಟು ಹಾಕಿಸಿಕೊಂಡು ಬರುತ್ತಾರೆ. ರಿಸರ್ವ್ ದೀಪ ನಮ್ಮ ಕಾರಿನಲ್ಲಿ ದೇವರ ಮುಂದಿನ ನಂದಾದೀಪದ ಹಾಗೆ, ಆರಿದ್ದನ್ನು ನಾನು ಕಂಡಿಲ್ಲ. ಇದುವರೆಗೆ ಒಬ್ಬ ಕಳ್ಳನೂ ಬಂದಿಲ್ಲ. ಅದು ತಮ್ಮ ಉಪಾಯದ ಫಲ ಎಂದು ಅಪ್ಪ ಹೇಳುತ್ತಾರೆ.

ಕಳೆದ ವರ್ಷ ಒಂದು ಬೆಳಿಗ್ಗೆ ಕಾರು ಮುಲುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ನಮ್ಮ ಬೀದಿಯಲ್ಲಿ ಮನುಷ್ಯ ಬಿದ್ದರೆ ಒಬ್ಬರೂ ಬರುವುದಿಲ್ಲ, ಕಾರು ಕೆಟ್ಟರೆ ಮಾತ್ರ ಸಮ್ಮೇಳನ ಸೇರುತ್ತದೆ. ಎದುರು ಮನೆಯವರು ಬ್ಯಾಟರಿ ಎಂದರು. ಪಕ್ಕದವರು ಪ್ಲಗ್ ಎಂದರು. ಇಸ್ತ್ರಿ ಅಂಗಡಿಯವರು ದೃಷ್ಟಿ ತಾಗಿದೆ ಎಂದರು. ಇಷ್ಟು ಹಳೆಯ ಕಾರಿಗೆ ಯಾರ ದೃಷ್ಟಿ ತಾಗಬೇಕು ಎಂದು ನಾನು ಕೇಳುವಷ್ಟರಲ್ಲಿ ಅಪ್ಪ ನಿಂಬೆಹಣ್ಣು ತರಲು ಒಳಗೆ ಹೋಗಿದ್ದರು. ನಿಂಬೆಹಣ್ಣೂ ಕೈಕೊಟ್ಟ ಮೇಲೆ ವಿಜಯನಗರದಿಂದ ಮೆಕ್ಯಾನಿಕ್ ಬಂದ. ಹಿಂದಿನ ಸೀಟು ಎತ್ತಿ, ಕೆಳಗಿದ್ದ ತಗಡಿನ ಮುಚ್ಚಳದ ಮೇಲೆ ಸ್ಪ್ಯಾನರಿನಿಂದ ಬಡಿದು, ಕೀ ತಿರುಗಿಸಿ ಎಂದ. ಕಾರು ಎದ್ದಿತು.

"ಸಾರ್, ಟ್ಯಾಂಕ್ ಒಳಗಡೆ ಇರೋ ಪೆಟ್ರೋಲ್ ಪಂಪು ಹೋಗ್ತಾ ಇದೆ. ಸದ್ಯಕ್ಕೆ ಯಾರಾದ್ರೂ ಹಿಂಗೆ ಬಡೀತಾ ಇದ್ರೆ ನೀವು ಸ್ಟಾರ್ಟ್ ಮಾಡ್ಕೊಳಿ. ಆದ್ರೆ ಬೇಗ ಚೇಂಜ್ ಮಾಡಿಸ್ಬಿಡಿ."

ಮೂರು ವಾಕ್ಯಗಳಲ್ಲಿ ಅಪ್ಪನ ಕಿವಿಗೆ ಬಿದ್ದದ್ದು ನಡುವಿನದು ಮಾತ್ರ. ಬಡಿಯಲು ಒಬ್ಬರು, ಕೀ ತಿರುಗಿಸಲು ಒಬ್ಬರು ಬೇಕಲ್ಲ, ಮಹಡಿ ಮನೆಯಲ್ಲಿರುವ ಮಗಳಾದ ನಾನು ಬೆಳಿಗ್ಗೆಯೇ ಆಫೀಸಿಗೆ ಹೋಗುವವಳು. ಹೀಗೆ ಅಮ್ಮನಿಗೆ ಬಡಿಯುವ ಹುದ್ದೆ ಸಿಕ್ಕಿತು. ಸ್ಪ್ಯಾನರ್ ತಣ್ಣಗಿರುತ್ತದೆ, ಕೈಗೆ ಹೊಂದುವುದಿಲ್ಲ ಎಂದು ಅವಳು ಅಡುಗೆಮನೆಯಿಂದ ಹಳೆಯ ಲಟ್ಟಣಿಗೆ ತಂದಳು.

ಅಮ್ಮನ ತಿರುಗಾಟದ ಚರಿತ್ರೆಯನ್ನು ಇಲ್ಲಿ ಹೇಳಲೇಬೇಕು, ಬೇಗ ಮುಗಿಯುತ್ತದೆ. ಅಪ್ಪನ ಜೊತೆ ಅವಳು ಹೊರಗೆ ಹೋಗುತ್ತಿದ್ದದ್ದು ಮದುವೆ, ನಾಮಕರಣ, ಆಸ್ಪತ್ರೆ, ತಿಥಿಗಳಿಗೆ. ಉಳಿದಂತೆ, "ನಾನೂ ಬರ್ತೀನಿ" ಎಂದರೆ, "ಅಲ್ಲಿ ನಿನಗೇನು ಕೆಲಸ?" ಎನ್ನುವುದು ಅಪ್ಪನ ಖಾಯಂ ಉತ್ತರ. ನಿಜ, ದರ್ಶಿನಿಯಲ್ಲಿ ಕಾಫಿ ಕುಡಿಯಲು, ಪಾರ್ಕಿನ ಬೆಂಚಿನ ಮೇಲೆ ಕೂತು ದೇಶ ನಡೆಸಲು ಹೆಂಗಸರಿಗೇನು ಕೆಲಸ? ಆ ಭಾರೀ ಜವಾಬ್ದಾರಿಯನ್ನು ಅಪ್ಪ ಮತ್ತು ಅವರ ಸ್ನೇಹಿತರು ರಾಜಾಜಿನಗರದಲ್ಲಿ ಪ್ರತಿದಿನ ಸಂಜೆ ತಾವೇ ಹೊತ್ತಿದ್ದರು.

ಈಗ ಕೆಲಸ ಹುಟ್ಟಿತು. ಹೋದ ಕಾರು ವಾಪಸು ಬರಬೇಕಲ್ಲ! ಅಲ್ಲಿಯೂ ಬಡಿಯಬೇಕು. ಅಮ್ಮ ಸಂಜೆಯಾದರೆ ಮುಖ ತೊಳೆದು, ಸೀರೆ ಬದಲಿಸಿ, ಲಟ್ಟಣಿಗೆಯನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಗೇಟಿನ ಬಳಿ ಸಿದ್ಧಳಾಗಿರುತ್ತಿದ್ದಳು. ದರ್ಶಿನಿಯಲ್ಲಿ ಬೇರೆ ಟೇಬಲ್ಲಿನ ಬಳಿ ನಿಂತು ಖಾರಾಬಾತ್ ತಿಂದಳು. ಮನೆಯಲ್ಲಿ ಸಕ್ಕರೆ ಇಲ್ಲದ ಕಾಫಿ ಕುಡಿದು ಋಷಿಯಂತಿರುತ್ತಿದ್ದ ಅಪ್ಪ ಅಲ್ಲಿ ದಿನವೂ ಕೇಸರಿಬಾತ್ ತಿನ್ನುವುದನ್ನು ಕಂಡುಹಿಡಿದಳು. ಕೆಂಗೇರಿಯಲ್ಲಿರುವ ತನ್ನ ತಂಗಿಯ ಮನೆಗೂ ಒಮ್ಮೆ ಹೋಗಿಬಂದಳು, ಏಕೆಂದರೆ ಅಪ್ಪನಿಗೆ ಆ ಕಡೆ ಏನೋ ಕೆಲಸವಿತ್ತು. ಬಂದು ನನ್ನ ಹತ್ತಿರ ಹೊಸ ಮೆಟ್ರೋ, ಹಳೆ ಅಂಗಡಿ, ಯಾರು ದಪ್ಪಗಾಗಿದ್ದಾರೆ, ಎಲ್ಲ ಹೇಳುವಾಗ ಅವಳ ಮುಖ ಬೇರೆಯೇ ಆಗಿರುತ್ತಿತ್ತು. ನನಗಂತೂ ಆ ಸಾಯುತ್ತಿದ್ದ ಪಂಪಿನ ಮೇಲೆ ಪ್ರೀತಿ ಬಂದಿತ್ತು. ಅದು ಹೀಗೇ ನರಳುತ್ತಾ ನೂರು ವರ್ಷ ಬಾಳಲಿ ಎಂದು ಹಾರೈಸಿದ್ದೆ.

ಆದರೆ ಸ್ನೇಹಿತರು ಎಂಬುವವರು ಇರುತ್ತಾರಲ್ಲ. "ಏನ್ ಸಾರ್, ನಾವು ಸಾರಥಿ ಇಟ್ಕೊಂಡಿರೋರ್ನ ನೋಡಿದೀವಿ, ನೀವು ಹಿಂದ್ಗಡೆ ಲಟ್ಟಣಿಗೆ ಇಟ್ಕೊಂಡೇ ಓಡಾಡ್ತೀರಲ್ಲ!" ಎಂದು ಒಬ್ಬರು ಅಂದರಂತೆ. ಎಲ್ಲರೂ ನಕ್ಕರಂತೆ. ಅಷ್ಟು ದಿನ ಪಂಪಿನ ಮಾತೆತ್ತಿದರೆ ಕಿವುಡಾಗುತ್ತಿದ್ದ ಅಪ್ಪ, ಮರುದಿನವೇ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಕಾರು ಹೋಗದಿದ್ದರೆ ಸಹಿಸಬಹುದು, ಮರ್ಯಾದೆ ಹೋದರೆ ಹೇಗೆ?

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಬಂದು ಬ್ಯಾಟರಿಯ ವೈರು ಬಿಚ್ಚಿದ. ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಹಿಂದಿನ ಸೀಟನ್ನು ಹೊರಗಿಟ್ಟ. ತಗಡಿನ ಮುಚ್ಚಳದ ಸ್ಕ್ರೂಗಳು ಲಟ್ಟಣಿಗೆ ಏಟಿಗೆ ಜಜ್ಜಿ ಹೋಗಿದ್ದವು. ಅಮ್ಮ ತನ್ನ ಕಛೇರಿಯ ಮೇಲೆ ದಾಳಿಯಾಗಿದೆಯೇನೋ ಎಂಬಂತೆ ಪಕ್ಕದಲ್ಲೇ ನಿಂತಿದ್ದಳು.

"ಇದೇನಪ್ಪಾ ಈ ವೈರು?"

"ಇದರಿಂದಾನೇ ಪಂಪ್‌ಗೆ ಕರೆಂಟು ಬರೋದು ಅಮ್ಮ. ಈ ಕ್ಲಿಪ್ ಕಳಚಿದ್ರೆ ಮುಗೀತು, ತಿಪ್ಪರಲಾಗ ಹಾಕಿದ್ರೂ ಸ್ಟಾರ್ಟ್ ಆಗಲ್ಲ."

"ಹೌದಾ," ಎಂದಳು ಅಮ್ಮ. ಬಗ್ಗಿ ನೋಡಿದಳು. ಕಾಫಿ ತರುತ್ತೇನೆಂದು ಒಳಗೆ ಹೋದಳು.

ಅವನು ಪೈಪುಗಳನ್ನು ಬಿಡಿಸಿ, ಪಂಪನ್ನು ಬಿಗಿದಿದ್ದ ದೊಡ್ಡ ಬಿಲ್ಲೆಯನ್ನು ತಿರುಗಿಸಿ, ಟ್ಯಾಂಕಿನೊಳಗಿಂದ ಅದನ್ನು ಎತ್ತಿದ. ಬೀದಿಯೆಲ್ಲ ಪೆಟ್ರೋಲಿನ ವಾಸನೆ. ಪಂಪು ಕೆಳಗೆ ಕಪ್ಪಗೆ ಕಂದಿತ್ತು. "ಪಂಪು ಪೆಟ್ರೋಲಲ್ಲಿ ಮುಳುಗಿರ್ಬೇಕು ಸಾರ್, ಅದೇ ಅದಕ್ಕೆ ತಂಪು. ನೀವು ಯಾವಾಗ್ಲೂ ರಿಸರ್ವಲ್ಲೇ ಓಡಿಸಿ ಸುಟ್ಟಿದೀರ" ಎಂದ. ಅಪ್ಪ ಬೀದಿಯ ಆಚೆ ಈಚೆ ನೋಡಿ, ತಗ್ಗಿದ ದನಿಯಲ್ಲಿ, "ಇಲ್ಲಿ ಜನ ಸರಿ ಇಲ್ಲಪ್ಪ" ಎಂದರು. ಹೊಸ ಪಂಪು ಕೂತಿತು. ಮುಚ್ಚಳಕ್ಕೆ ಸ್ಕ್ರೂ ಹಿಡಿಯಲಿಲ್ಲವಾದ್ದರಿಂದ ಟೇಪು ಅಂಟಿಸಿ, "ಸೀಟೇ ಅದುಮ್ಕೊಂಡಿರತ್ತೆ ಬಿಡಿ" ಎಂದ. ಕೀ ತಿರುಗಿಸುತ್ತಿದ್ದಂತೆ ಹಿಂದಿನಿಂದ ಸಣ್ಣಗೆ ಗುಂಯ್ ಎಂದಿತು. ಕಾರು ಒಂದೇ ಸಲಕ್ಕೆ ಎದ್ದಿತು.

ಅಂದು ಸಂಜೆ ನಾನು ಮಹಡಿಯಿಂದ ನೋಡುತ್ತಿದ್ದೆ. ಅಮ್ಮ ಸೀರೆ ಬದಲಿಸಿ ಗೇಟಿನ ಬಳಿ ನಿಂತಿದ್ದಳು. ಅಪ್ಪ ಕಾರು ಹತ್ತಿ, ಕಿಟಕಿಯಿಂದ ಅವಳನ್ನು ನೋಡಿದರು.

"ನೀನ್ಯಾಕೆ? ಈಗ ತಾನಾಗೇ ಸ್ಟಾರ್ಟ್ ಆಗುತ್ತಲ್ಲ."

ಹೊರಟೇಹೋದರು. ಅಮ್ಮ ಗೇಟು ಹಾಕಿ ಒಳಗೆ ಬಂದು ಹಳೆ ಸೀರೆ ಉಟ್ಟುಕೊಂಡಳು. ನನಗೆ ಬಂದ ಸಿಟ್ಟಿಗೆ ಆ ಸುಟ್ಟ ಪಂಪನ್ನೇ ತೆಗೆದು ಕಾರಿನ ಗಾಜಿಗೆ ಎಸೆಯಬೇಕೆನಿಸಿತು. ಅಪ್ಪ ಕೆಟ್ಟವರಲ್ಲ, ಬೈಯುವವರೂ ಅಲ್ಲ. ಅವಳು ಅಲ್ಲಿ ನಿಂತದ್ದು ಯಾಕೆ ಎಂದು ಅವರಿಗೆ ಹೊಳೆಯಲೇ ಇಲ್ಲ, ಅಷ್ಟೇ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ಒಂದು ವಾರ ಅಮ್ಮ ಸಂಜೆಯ ಹೊತ್ತು ಅಕ್ಕಿ ಆರಿಸಿದಳು. ಮುಂದಿನ ಭಾನುವಾರ ಅಪ್ಪ ಕಾರು ಹತ್ತಿ ಕೀ ತಿರುಗಿಸಿದರೆ, ಮತ್ತೆ ಅದೇ ಮುಲುಗಾಟ. ಸಮ್ಮೇಳನ ಸೇರಿತು. ಎದುರು ಮನೆಯವರು ಈ ಸಲವೂ ಬ್ಯಾಟರಿ ಎಂದರು. ಮೆಕ್ಯಾನಿಕ್ ಫೋನಿನಲ್ಲಿ, "ಹೊಸ ಪಂಪು ಸಾರ್, ಚಾನ್ಸೇ ಇಲ್ಲ" ಎಂದು ಆಣೆ ಇಟ್ಟ. ಅಪ್ಪನ ಮುಖ ಸಣ್ಣಗಾಗಿತ್ತು.

ಆಗ ಅಮ್ಮ ಬಂದಳು. ಒಳ್ಳೆಯ ಸೀರೆ, ಬ್ಯಾಗು, ಕೈಯಲ್ಲಿ ಲಟ್ಟಣಿಗೆ.

"ಯಾವುದಕ್ಕೂ ಒಂದ್ಸಲ ಬಡಿದು ನೋಡ್ತೀನಿ ಇರಿ."

ಹಿಂದಿನ ಬಾಗಿಲಿನಿಂದ ಹತ್ತಿ ಸೀಟು ಎತ್ತಿದಳು. ನಾನು ಆಚೆ ಬಾಗಿಲಿನ ಬಳಿ ಇದ್ದೆ. ಬಲಗೈ ಲಟ್ಟಣಿಗೆ ಹಿಡಿದು ಇಡೀ ಬೀದಿಗೆ ಕೇಳುವಂತೆ ತಗಡು ಬಡಿಯುತ್ತಿತ್ತು. ಎಡಗೈ ಟೇಪಿನ ಕೆಳಗೆ ನುಗ್ಗಿ, ಕಳಚಿಟ್ಟಿದ್ದ ಕ್ಲಿಪ್ಪನ್ನು ಮೆತ್ತಗೆ ಒತ್ತಿ ಕೂರಿಸಿತು. "ಈಗ ತಿರುಗಿಸಿ ರೀ" ಎಂದಳು. ಗುಂಯ್ ಎಂದಿತು. ಕಾರು ಎದ್ದಿತು.

"ಪಂಪಿಗೆ ನಿನ್ನ ಏಟೇ ಅಭ್ಯಾಸ ಆಗೋಗಿದೆ ಕಣೇ," ಎಂದರು ಅಪ್ಪ. "ಸರಿ, ಬಾ. ಅಲ್ಲೂ ಕೈ ಕೊಟ್ರೆ ಏನು ಮಾಡೋದು?"

ಅಮ್ಮ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

ಅವರು ತಿರುಗಿ ಬಂದ ಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ. "ಅಮ್ಮ, ಇಷ್ಟೆಲ್ಲ ಯಾಕೆ? ನಾನೂ ಬರ್ತೀನಿ ಅಂತ ಇನ್ನೊಂದ್ಸಲ ಬಾಯಿಬಿಟ್ಟು ಕೇಳಬಾರ್ದಾ?"

ಅವಳು ಲಟ್ಟಣಿಗೆಯನ್ನು ತೊಳೆದು, ಒರೆಸಿ, ಬ್ಯಾಗಿಗೇ ಹಾಕಿದಳು.

"ಮದುವೆ ಆದಾಗಿಂದ ಕೇಳಿದೀನಿ ಕಣೇ. ನಾನು ಕೇಳಿದ್ರೆ ಅಲ್ಲಿ ನಿನಗೇನು ಕೆಲಸ ಅಂತಾರೆ. ಕಾರು ಕೇಳಿದ್ರೆ ಕರ್ಕೊಂಡು ಹೋಗ್ತಾರೆ."